ಹಿಮ್ಮಡಿ

ಭದ್ರಾವತಿ. ಹೊಳೆಯಾಚೆಯ ಹಳೇ ಟಾಕೀಸು.
ಬೇಸಿಗೆ ರಜ, ಬೆಳಗಿನ ಆಟ.
ಗಾಂಧಿಕ್ಲಾಸಿನ ಬೆಂಚಿನಲ್ಲಿ ಮೊಳೆ, ತಿಗಣೆ, ನಾವು ನಾಲ್ವರು:
ನಾನು, ತಂಗಿ ಚಂಪಾ, ಫರ್ನೇಸು ಪಳನಿಯ ಮಗಳು ಸೆಲ್ವಿ,
ಮತ್ತೆ, ಎಲ್ಲ ಗೊತ್ತಿದ್ದ ಇಮ್ತಿಯಾಜ್.

ತೆರೆಯ ಮೇಲೆ ಮೂವರು ಮಾಟಗಾತಿಯರು
ಊರ ಮಕ್ಕಳ ನಗುವನ್ನೆಲ್ಲ ಕದ್ದು
ಉಪ್ಪಿನಕಾಯಿ ಜಾಡಿಗೆ ತುಂಬಿ
ಬಾಯಿಗೆ ಬಟ್ಟೆ ಕಟ್ಟುತ್ತಿದ್ದರು.
ಕಿರಿಯವಳು ಬೆರಳದ್ದಿ ನೆಕ್ಕಿ
'ಇನ್ನೂ ಮಾಗಿಲ್ಲ' ಅಂದಳು.
ಸರಿಯಾಗಿ ಆಗಲೇ ಕಾರ್ಖಾನೆಯ ಸೈರನ್ನು,
ದಿನಾ ಕೇಳುವುದೇ,
ಹಿರಿಯವಳ ಬಾಯಿಂದ ಬಂತು.

ಇಮ್ತಿಯಾಜ್ ಕಿವಿಯಲ್ಲಿ ಹೇಳಿದ:
ಅವರು ಸಿನಿಮಾದಲ್ಲಷ್ಟೇ ಇರಲ್ಲ.
ಸೀರೆ ಉಟ್ಕೊಂಡು ಎಲ್ಲಾರ ಹಂಗೇ ಕೂತಿರ್ತಾರೆ.
ಕಾಲು ನೋಡು. ಹಿಮ್ಮಡಿ ಮುಂದಿರುತ್ತೆ.

ಬೆಂಚಿನಡಿ ನುಗ್ಗಿದೆವು.
ಕಡಲೆಸಿಪ್ಪೆ, ಬೀಡಿತುಂಡು, ಯಾರೋ ಉಗಿದ ಎಲೆಯಡಿಕೆ;
ಅಂಬೆಗಾಲಲ್ಲಿ ಹೆಂಗಸರ ಸಾಲಿಗೆ.
ತೆರೆಯ ಮೇಲೆ ಮಿಂಚು ಹೊಡೆದಾಗ ಮಾತ್ರ ಕಾಲು ಕಾಣುತ್ತಿತ್ತು.

ಪಿನ್ನು ಚುಚ್ಚಿದ ಹವಾಯಿ.
ಬಿರುಕಿನೊಳಗೆ ಅರಿಸಿನ ಕೂತ ಹಿಮ್ಮಡಿ.
ಸವೆದು ದಾರದಷ್ಟಾದ ಕಾಲುಂಗುರ.
ನರ್ಸಮ್ಮ ಬಿಳಿ ಬೂಟು ಬಿಚ್ಚಿಟ್ಟು
ಹೆಬ್ಬೆರಳಿಂದ ಹೆಬ್ಬೆರಳು ತಿಕ್ಕುತ್ತಿದ್ದಳು.
ಒಂದು ಜೊತೆ ಕಾಲು ಅಳುತ್ತಿತ್ತು;
ಹೇಗೆ ಹೇಳಲಿ, ನಡುಗುತ್ತಿತ್ತು.
ಮೇಲೆ ಮುಖ ನೋಡಲು ನಮಗೆ ಪುರುಸೊತ್ತಿರಲಿಲ್ಲ.

ಕಂಬದ ಹಿಂದೆ, ಒಬ್ಬಳೇ, ದ್ಯಾವಮ್ಮ.
ನಮ್ಮ ಲೈನಿನವಳೇ. ಅವಳ ಕಣ್ಣು ಬಿದ್ದರೆ
ಹಾಲು ಒಡೆಯುತ್ತೆ, ಕೂಸಿಗೆ ಬಾಲಗ್ರಹ;
ನಲ್ಲಿಯಲ್ಲಿ ಅವಳ ಕೊಡ ಕಡೆಗೆ.
ಸೆಲ್ವಿ ಅಲ್ಲೇ ಕಣ್ಣು ಮುಚ್ಚಿದಳು.
ಇಮ್ತಿಯಾಜನಿಗೆ ಆಗಲೇ ಒಂದಕ್ಕೆ ಬಂತು.
ಚಂಪಾ ಹೋದಳು. ಆರು ವರ್ಷ.
ಸೀರೆಯಂಚನ್ನು ಎರಡೇ ಬೆರಳಲ್ಲಿ ಎತ್ತಿದಳು.

ತೆರೆಯ ಮೇಲೆ ಜಾಡಿ ಒಡೆಯಿತು.
ಸಾವಿರ ಮಕ್ಕಳ ನಗು ಒಟ್ಟಿಗೇ ಹೊರಗೆ,
ಆ ಬೆಳಕಿನಲ್ಲಿ:
ನೆಟ್ಟಗೆ, ಐದೈದು ಬೆರಳು,
ಕಿರುಬೆರಳ ಬುಡದಲ್ಲೊಂದು ಆಣಿ.
'ಏನು ಕಳದೋಯ್ತು ಮಗಾ?' ದ್ಯಾವಮ್ಮ ಬಗ್ಗಿದಳು,
ಮಡಿಲ ಪೊಟ್ಟಣದಿಂದ ಒಂದು ಹಿಡಿ ಕಡಲೇಪುರಿ.
ಚಂಪಾ ತಿಂದುಬಿಟ್ಟಳು.
ಅವಳು ಸಾಯುವುದನ್ನು ನಾವು ಕಾದೆವು.

ಮಾರನೆ ಬೆಳಿಗ್ಗೆ ನಲ್ಲಿಯ ಮುಂದೆ
'ದ್ಯಾವಮ್ಮನ ಕಾಲು ನೆಟ್ಟಗಿದೆ, ನಾನು ನೋಡಿದೀನಿ' ಅಂತ ಕೂಗಿ
ಅಮ್ಮನಿಂದ ಬೆನ್ನಿಗೆ ತಿಂದಳು.
ಕೊಡಗಳು ಮಾತಾಡಲಿಲ್ಲ.
ದ್ಯಾವಮ್ಮನದು ಕಡೆಗೇ ಇತ್ತು, ಆ ದಿನವೂ, ಆಮೇಲೂ.

ಚಿತ್ರದ ಹೆಸರು ಮರೆತಿದೆ. ಟಾಕೀಸು ಈಗ ಸಿಮೆಂಟು ಗೋಡೌನು.
ಚಂಪಾಳ ಫೋನು ಬಂದಾಗ ಕೇಳುತ್ತೇನೆ,
ಆ ಮೂವರು ಕಡೆಗೆ ಏನಾದರು?
'ನಾನು ತೆರೆ ನೋಡ್ಲೇ ಇಲ್ವಲ್ಲೋ' ಅನ್ನುತ್ತಾಳೆ.
ಸ್ವಲ್ಪ ಹೊತ್ತು ಸುಮ್ಮನಿದ್ದು:
'ಆ ನಡುಗ್ತಿದ್ದ ಕಾಲು, ಅದು ಯಾರ್ದಿತ್ತು?'