ಹದಿನೇಳು ಸೊನ್ನೆ

ಇಬ್ರಿಯ ಆಚೆ, ಕ್ಯಾಂಪಿನ ಗೋದಾಮಿನಲ್ಲಿ
ವಾಲ್ವು ಗ್ಯಾಸ್ಕೆಟ್ಟುಗಳ ಲೆಕ್ಕ ಬರೆಯುವವನು ನಾನು.
ಹಳೇ ಪೈಪಿನೊಳಗೆ ಸುರುಳಿಯಾಗಿ ಸಿಕ್ಕಿತು ಹಾಳೆ,
ಲಕ್ಷಕ್ಕೆ ಒಂದರ ಅಳತೆಯದು, ಅಂಚಿಗೆ ಗೆದ್ದಲು.
ಗುರುತುಗಳ ಅರ್ಥ ಹೇಳುವ ಮೂಲೆಯೇ ಇಲ್ಲ.
ಯಾರೋ ಚಹಾದ ಲೋಟದಡಿ ಇಡಲು
ಹರಿದುಕೊಂಡಿರಬೇಕು.

ರಾತ್ರಿ ಮಂಚದ ಮೇಲೆ ಲ್ಯಾಪ್‌ಟಾಪು,
ಪಕ್ಕದಲ್ಲಿ ಹಾಳೆ, ನಾಲ್ಕು ಮೂಲೆಗೆ ನಾಲ್ಕು ಬೋಲ್ಟು.
ಯಾರು ಬೇಕಾದರೂ ಬರೆಯಬಹುದಾದ ನಕ್ಷೆ ಅದು;
ನಮ್ಮ ಕಡೆ ಯಾರೂ ಬರೆದಿಲ್ಲ.
ಕಂದು ಗೆರೆ ಗುಡ್ಡ, ಅದು ಸುಲಭ:
ಒತ್ತಾಗಿದ್ದರೆ ಕಡಿದು, ಬಿಡಿಯಾಗಿದ್ದರೆ ಇಳಿಜಾರು.
ತುಂಡು ತುಂಡು ನೀಲಿ, ಮಳೆ ಬಂದ ದಿನ ಮಾತ್ರ ಹೊಳೆ.
ಹಸಿರು ಚುಕ್ಕಿ ಖರ್ಜೂರ. ಇರಬೇಕು.
ಆಮೇಲೆ ಇವು, ಸಣ್ಣ ನೀಲಿ ಸೊನ್ನೆಗಳು,
ಗುಡ್ಡದ ಬುಡದಿಂದ ಹಳ್ಳಿಯ ತನಕ,
ಕಾಪಿ ಬರೆವ ಹುಡುಗ ಪದ ಮರೆತು
ಸೊನ್ನೆ ಸುತ್ತುತ್ತ ಹೋದ ಹಾಗೆ.
ಎಣಿಸಿದೆ. ಹದಿನೇಳು.
ಸೊನ್ನೆ ಅಂದರೆ ಬಾವಿ, ನೀಲಿ ಅಂದರೆ ನೀರು.
ಹದಿನೇಳು ಬಾವಿ ತೋಡಿಬಿಟ್ಟೆ ಒಂದೇ ರಾತ್ರಿ,
ಬೆವರಿಲ್ಲದೆ, ಏಸಿಯ ಗೊರಕೆ ಕೇಳುತ್ತ.

ನೀರಿನ ಟ್ಯಾಂಕರಿನ ಖಲ್ಫಾನ್ ಬೆಳಗ್ಗೆ
ಸಹಿಗೆ ಬಂದವನು ಪರದೆ ನೋಡಿ ನಕ್ಕ.
ಇಷ್ಟು ಬಾವಿ ಇದ್ದಿದ್ದರೆ, ಐತಪ್ಪ,
ನನ್ನ ಲಾರಿ ಯಾಕೆ?
ಶುಕ್ರವಾರ ಕರೆದೊಯ್ದ.

ಆಕಾಶದ ಚಿತ್ರದಲ್ಲಿ ಇರುವೆಗೂಡಿನ ಸಾಲು;
ಹತ್ತಿರ ಹೋದರೆ, ಮಣ್ಣಿನ ಕಟ್ಟೆ ಕಟ್ಟಿಕೊಂಡ ಕರೀ ಬಾಯಿ.
ಥುಕ್ಬ, ಅಂದ. ತೂತು.
ಸೇದಲಿಕ್ಕಲ್ಲ. ಕೆಳಗೆ ಒಂದೇ ಕಾಲುವೆ,
ಗುಡ್ಡದ ಹೊಟ್ಟೆಯಿಂದ ತೋಟಕ್ಕೆ.
ತೋಡಿದವರಿಗೆ ಉಸಿರು ಬೇಡವೆ?

ನನ್ನ ಕಾಲು ಅಲ್ಲೇ ಕಚ್ಚಿಕೊಂಡಿತು.
ಬಾಯಾರಿನಲ್ಲಿ (ಊರ ಹೆಸರೇ ಹಾಗೆ) ನಮ್ಮ ಕುಂಞ ಮಾವ
ಗುಡ್ಡಕ್ಕೆ ಅಡ್ಡ ಸುರಂಗ ಕೊರೆಯುತ್ತಿದ್ದವರು,
ಕುಕ್ಕರಗಾಲಲ್ಲಿ, ಗಿಡ್ಡ ಹಿಡಿಯ ಪಿಕ್ಕಾಸು, ಮೇಣದ ಬತ್ತಿ.
ಬತ್ತಿ ಸಣ್ಣಗಾದರೆ ಹಿಂದೆ ಬಾ.
ಅಷ್ಟೇ ಅವರ ವಿದ್ಯೆ.
ಒಳಗೋಡೆಗೆ ಅಂಗೈ ಒತ್ತಿ ನೋಡುವರು,
ಜ್ವರದ ಮಗುವಿನ ಹಣೆ ಮುಟ್ಟಿದ ಹಾಗೆ.

ಖಲ್ಫಾನ್ ಹನ್ನೊಂದನೆಯದರೊಳಗೆ ಕಲ್ಲು ಬಿಟ್ಟ.
ಇಬ್ಬರೂ ಬಗ್ಗಿದೆವು.
ಟಕ್.
ಎಂಟನೆಯದರಲ್ಲೂ ಟಕ್.
ಗುಡ್ಡದ ಬುಡದ ಮೊದಲನೆಯದರಲ್ಲಿ ಮಾತ್ರ
ಸದ್ದು ಸ್ವಲ್ಪ ತಡೆದು ಬಂತು.
ಅವನು ಕಲ್ಲೆಂದ, ನಾನು ನೀರೆಂದೆ.
ಇನ್ನೊಂದು ಕಲ್ಲು ಬಿಡಲು
ಇಬ್ಬರಿಗೂ ಮನಸ್ಸಾಗಲಿಲ್ಲ.

ಬಂದು ಹದಿನೇಳು ಬಾವಿ ಅಳಿಸಿದೆ.
ಒಂದು ಗೆರೆ ಎಳೆದೆ, ನೆಲದಡಿಯದು ಎಂದು,
ಅದರ ಮೇಲೆ ಹದಿನೇಳು ಗಾಳಿಗಂಡಿ.
ಹೆಸರು? ಕೇಳಿತು ನಕ್ಷೆ.
ಹಾಳೆಯಲ್ಲಿದ್ದದ್ದು ಯಾರೋ ಸರ್ವೆಯ ಸಾಹೇಬನ ಕಿವಿಗೆ
ಬಿದ್ದಷ್ಟು, ಮುರುಕು ಅಕ್ಷರದಲ್ಲಿ.
ಖಲ್ಫಾನನಿಗೆ ಫೋನು ಹಚ್ಚಿ ಮೂರು ಸಲ ಹೇಳಿಸಿದೆ;
ಮೂರನೇ ಸಲ ಹಿಂದಿನಿಂದ ಅವನಜ್ಜಿ ತಿದ್ದಿದಳು.
ನೀರಿದೆಯೋ, ಬತ್ತಿದೆಯೋ?
ಆ ಖಾನೆ ಖಾಲಿ ಬಿಟ್ಟೆ.
ಈ ಮಾಹಿತಿಯ ಮೂಲ?
ಟ್ಯಾಂಕರಿನ ಚಾಲಕ, ಅವನ ಅಜ್ಜಿ, ಮೂರು ಕಲ್ಲು.

ನಿದ್ದೆ ಬರದೆ ನಕ್ಷೆ ಜರುಗಿಸಿ ಜರುಗಿಸಿ
ಸಮುದ್ರ ದಾಟಿ ಬಾಯಾರಿಗೆ ಬಂದೆ.
ಮೇಲಿಂದ ಬರೀ ಹಸಿರು. ಬಾಯಿ ಕಾಣದು.
ಅಂದಾಜಿಗೆ ಒಂದು ಸೊನ್ನೆ ಇಟ್ಟೆ,
ತೆಗೆದೆ.
ನಾಳೆ ತಮ್ಮನಿಗೆ ಹೇಳಬೇಕು, ಹೋಗಿ ನೋಡಿ ಬಾ,
ಫೋನಿನ ಲೈಟು ಸಾಲದು,
ಬತ್ತಿ ತೆಗೆದುಕೊಂಡು ಹೋಗು.