ಬುಧವಾರದ ಬಾಡಿಗೆ

ಎರಡು ಹಾರ್ನು, ಒಂದು ಮೈಕು, ಐವತ್ತು ಮಾರು ವೈರು,
ಭಾಷಣ ಯಾರದಿದ್ದರೂ ನನ್ನ ಬಾಡಿಗೆ ಎಂಟುನೂರು.

ಕುಮಟೆಯ ಸಂತೆಯ ಮೂಲೆಯಲ್ಲಿ
ಸಿಹಿ ಈರುಳ್ಳಿಯ ಜಡೆಗಳು ತೂಗುವ ಕಡೆ
ನೀಲಿ ತಾಡಪಾಲು ಕಟ್ಟಿಸಿ ಶಾನಭಾಗ ಮಾಸ್ತರು
ವಾರಕ್ಕೊಂದು ಮಾತು ಇಡಿಸುತ್ತಾರೆ:
ನಮ್ಮೂರ ನೆಲ, ನಮ್ಮೂರ ಊಟ.

ಕೇಳಿ ಕೇಳಿ ನನಗೂ ಬಾಯಿಪಾಠ.
ಬಳಚು ಹೆಕ್ಕುವಾಗ ಮರಿ ಬಿಟ್ಟು ದೊಡ್ಡದನ್ನಷ್ಟೇ ಹೆಕ್ಕಿ.
ಬಸಳೆ ಮನೆ ಹಿಂದೆಯೇ ಹಬ್ಬಲಿ.
ಧಾರವಾಡದಿಂದ ಬಂದವರು ಒಬ್ಬರು
ಒಂದು ತುತ್ತು ಎಷ್ಟು ಮೈಲಿ ದಾಟಿ ತಟ್ಟೆಗೆ ಬರುತ್ತದೆಂದು
ಲೆಕ್ಕ ಹಾಕಿ ತೋರಿಸಿದರು. ಚಪ್ಪಾಳೆ ಬಿತ್ತು.
ಅವರ ಕಾರಿನ ಬಾನೆಟ್ಟು ಇನ್ನೂ ಬಿಸಿ ಇತ್ತು,
ಬೆಕ್ಕೊಂದು ಅದರ ಮೇಲೆ ಮಲಗಿತ್ತು.

ಸುಸ್ಥಿರ ಎಂದರೆ ನನ್ನ ಹಾರ್ನಿಗೆ ಆಗುವುದಿಲ್ಲ.
ಎರಡು ಸಕಾರ ಒಟ್ಟಿಗೆ ಬಂದರೆ ಹಾವಿನ ಹಾಗೆ ಬುಸ್ಸೆನ್ನುತ್ತದೆ.
ಆ ಪದ ಬರುವುದು ಮುಖ ನೋಡಿದರೇ ಗೊತ್ತಾಗಿ
ಮೊದಲೇ ತಿರುಗಣೆ ತಗ್ಗಿಸಿಡುತ್ತೇನೆ.

ಆ ಬುಧವಾರ ದೇವಿಮನೆ ಘಟ್ಟದಲ್ಲಿ ಮರ ಬಿದ್ದು
ಸಿರಸಿಯ ತಜ್ಞರು ಬಸ್ಸಿನಲ್ಲೇ ಉಳಿದರು.
ಹಾಕಿದ ಕುರ್ಚಿ ಇಪ್ಪತ್ತು, ಕೂತವರು ಹನ್ನೊಂದು.
ಮಾಸ್ತರು ಅತ್ತಿತ್ತ ನೋಡಿ, ಕೊನೆಗೆ
ಎರಡು ಚೀಲ ಕಗ್ಗದ ಅಕ್ಕಿ ಇಟ್ಟುಕೊಂಡು ಕೂತಿದ್ದ
ಗಣಪಿ ಪಟಗಾರಳ ಕೈಗೆ ಮೈಕು ಕೊಟ್ಟರು.

ಜೀವ ಇರುವ ಏಡಿಯನ್ನು ಹಿಂದಿನಿಂದ ಹಿಡಿದ ಹಾಗೆ
ಮೈಯಿಂದ ದೂರ ಹಿಡಿದಳು.

"ಎಂತಾ ಹೇಳೂದು? ಮಳೆ ಬಿದ್ದು ಗಜನಿಯ ಉಪ್ಪು ತೊಳದ ಮೇಲೆ
ಮೊಳಕೆ ಬರಿಸಿ ಎರಚೂದು. ಗೊಬ್ಬರ ಇಲ್ಲ, ಮದ್ದಿಲ್ಲ.
ಭರತದ ನೀರು ನುಗ್ಗಿದ್ರೂ ಕಗ್ಗ ಸಾಯೂದಿಲ್ಲ,
ಆದ್ರೆ ಜಂತ್ರಡಿಯ ಹಲಗೆ ನೋಡ್ಕಣೂಕೆ ಜನ ಬೇಕು.
ಮೊದಲು ಮನೆಗೊಂದಾಳು ಕಟ್ಟೆಗೆ ಮಣ್ಣು ಹೊರ್ತಿತ್ತು.
ಕಟ್ಟೆ ಒಬ್ರದ್ದಲ್ಲ ರಾ, ಎಲ್ಲರದ್ದು.
ಅದಕ್ಕೇ ಈಗ ಯಾರೂ ಬರೂದಿಲ್ಲ."

ಕಾಲೇಜಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು:
ನಿಮ್ಮನೇಲಿ ದಿನಾ ಇದೇ ಅನ್ನನಾ ಅಮ್ಮಾ?

"ಇಲ್ಲ ಮಗಾ. ಇದಕ್ಕೆ ಕಿಲೋಗೆ ತೊಂಬತ್ತು ಬತ್ತದೆ.
ನಾವು ಉಂಬೂದು ಸೊಸಾಯ್ಟಿ ಅಕ್ಕಿ."

ಮೀನಿನ ಸಾಲಿನಲ್ಲಿ ಬಂಗಡೆ ಕೂಗುವವಳೂ ಆಗಲೇ ಉಸಿರು ತಗೊಳ್ಳಬೇಕೆ.
ಮಾಸ್ತರು ಕನ್ನಡಕ ತೆಗೆದು ಒರೆಸಿದರು,
ಬ್ಯಾನರಿನ ಒಂದು ಮೂಲೆ ಬಿಚ್ಚಿ ಪಟಪಟ ಎಂದಿತು.
ತಗ್ಗಿಸು ಎಂದು ನನಗೆ ಕೈಸನ್ನೆಯೂ ಆಯಿತು.
ಇಪ್ಪತ್ತೆರಡು ವರ್ಷದಲ್ಲಿ ಮಂದಿ ಹೇಳಿದಂತೆ ತಿರುಗಿಸಿದ ಕೈ,
ಯಾಕೋ, ಒಂದು ಗೆರೆ ಏರಿಸಿತು.

"ಜ್ವರ ಬಂದ್ರೆ ಇದ್ರ ಗಂಜಿ ಮಾಡ್ತೆವೆ. ಹೊಸ್ತಿಗೆ ಒಂದು ಹೊತ್ತು.
ಉಳದದ್ದು ಮಾರೂದೇ. ಸುಳ್ಳು ಎಂತಕ್ಕೆ?
ಬೀಜದ ಮುಡೆ ಒಂದು ಅಟ್ಟದ ಮೇಲದೆ.
ಅದಕ್ಕೆ ಮಾತ್ರ ರೇಟು ಕೇಳ್ಬೇಡಿ."
ಮೈಕನ್ನು ಚೀಲದ ಮೇಲಿಟ್ಟಳು. ಅಕ್ಕಿ ಸರಿದ ಸದ್ದು
ಎರಡೂ ಹಾರ್ನಿನಲ್ಲಿ ಬಸ್‌ಸ್ಟ್ಯಾಂಡಿನ ತನಕ ಹೋಯಿತು.

ಸಂಜೆ ವೈರು ಸುತ್ತಿ, ಬಾಡಿಗೆ ಎಣಿಸಿಕೊಂಡು
ಎರಡು ಕಿಲೋ ತೂಗಿಸಿದೆ.
ಇಪ್ಪತ್ತು ಬಿಟ್ಟುಕೊಡು ಎನ್ನಲು ಬಾಯಿ ತೆರೆದು ಮುಚ್ಚಿದೆ.
ಅವಳೇ ಒಂದು ಮುಷ್ಟಿ ಹೆಚ್ಚು ಸುರಿದಳು,
"ನಿನ್ನ ಯಂತ್ರ ಚಲೋ ಕೂಗ್ತದೆ" ಎಂದಳು.

ಮನೆಯಲ್ಲಿ ಹೆಂಡತಿ ಕೆಂಪು ಕಾಳು ಅಂಗೈಯಲ್ಲಿ ಉಜ್ಜಿ ನೋಡಿ
ತೊಂಬತ್ತಾ ಎಂದಳು. ತೊಂಬತ್ತು ಎಂದೆ.
ಕುಕ್ಕರು ಏಳು ಸಲ ಕೂಗಿದರೂ ಬೆಂದಿರಲಿಲ್ಲ.
ಒಣಮೀನು ಸುಟ್ಟು ಆಗಲೇ ತಣ್ಣಗಾಗಿತ್ತು.
ಇನ್ನೆರಡು ಸೀಟಿಗೆ ಕಾಯುತ್ತ
ಇಬ್ಬರೂ ಗ್ಯಾಸಿನ ನೀಲಿ ಉರಿಯನ್ನೇ ನೋಡಿದೆವು.
ಸಿಲಿಂಡರ್ ತಂದು ಎಷ್ಟು ದಿನವಾಯಿತೆಂದು
ಅವಳು ಬೆರಳು ಮಡಿಚಿ ಎಣಿಸುತ್ತಿದ್ದಳು.