ಎರಡೇ ಗುಂಡಿ

ಸುಂಕದಕಟ್ಟೆಯ ರಸ್ತೆಗೆ ಗುಂಡಿಗಳ ಲೆಕ್ಕವಿಲ್ಲ.
ಈ ಸಾಫ್ಟ್‌ವೇರಿಗೆ ಎರಡೇ.
ಎಡದ್ದು ಅಟ್ಯಾಕ್, ಬಲದ್ದು ಸಸ್ಟೇನ್.
ಒಂದು ಪೆಟ್ಟಿನ ಮೂತಿಗೆ,
ಇನ್ನೊಂದು ಅದರ ಬಾಲಕ್ಕೆ.

ರಾತ್ರಿ ಎರಡೂವರೆ.
ಕೆಳಗಿನ ಟೈರ್ ಅಂಗಡಿ ಮುಚ್ಚಿದ ಮೇಲಷ್ಟೇ
ನನಗೆ ಕಿವಿ ಬರುವುದು.
ಸುಟ್ಟ ರಬ್ಬರಿನ ವಾಸನೆ ಮಾತ್ರ
ಗೋಡೆಯ ಫೋಮಿನಲ್ಲಿ ಉಳಿದಿರುತ್ತದೆ,
ಅದಕ್ಕೆ ಯಾವ ಗುಂಡಿಯೂ ಇಲ್ಲ.

ತೆರೆಯ ಮೇಲೆ ಚಿಕ್ಕೀರಯ್ಯನವರ ತಮಟೆ:
ಮೀನಿನ ಮುಳ್ಳಿನ ಹಾಗೆ ಸಾಲು ಸಾಲು ಗೆರೆ.
ರೇವಂತನ ಮೆಸೇಜು: "ಪಂಚ್ ಬೇಕು ಅಕ್ಕಾ.
ಫೋನ್ ಸ್ಪೀಕರಲ್ಲೂ ಎದೆಗೆ ಒದೀಬೇಕು."
ಎದೆಯೇ ಇಲ್ಲದ ಸ್ಪೀಕರಿನಿಂದ
ಎದೆಗೆ ಒದೆಸುವ ಕೆಲಸ ನನ್ನದು. ಗಂಟೆಗೆ ಎಂಟುನೂರು.

ಎಡದ ಗುಂಡಿ ತಿರುಗಿಸುತ್ತೇನೆ. ಮೂರು ಡೆಸಿಬಲ್. ಆರು.
ಬಿದಿರ ಕಡ್ಡಿಯ ಚಟ್ ಈಗ
ಕಾದ ಎಣ್ಣೆಗೆ ಬಿದ್ದ ಸಾಸಿವೆ.
ಒಂಬತ್ತು.
ಕಡ್ಡಿಯೂ ಇಲ್ಲ, ಚರ್ಮವೂ ಇಲ್ಲ,
ಯಾರೋ ಬಾಗಿಲು ಬಡಿದು ಓಡಿಹೋದ ಹಾಗೆ.
ನಾಲ್ಕಕ್ಕೆ ಇಳಿಸುತ್ತೇನೆ.

ಆವತ್ತು ಬಂದವರೇ
ಮೊದಲು ಕೇಳಿದ್ದು ಬೆಂಕಿ.
ಇಲ್ಲಿ ಹಚ್ಚೋ ಹಾಗಿಲ್ಲ ಅಂದೆ, ಸುತ್ತ ಫೋಮು.
"ಕಾಯಿಸದೆ ಬಡಿದರೆ ಒದ್ದೆ ಗೋಣಿಚೀಲ ಕಣಮ್ಮ ಇದು."
ಮೆಟ್ಟಿಲಿಳಿದು, ಟೀ ಅಂಗಡಿ ಪಕ್ಕ
ಹಳೇ ಪೇಪರು ಉರಿಸಿ, ತಮಟೆಯನ್ನು
ನೀರೆರೆದ ಕೂಸಿನ ಬೆನ್ನು ಕಾಯಿಸುವಂತೆ ತಿರುಗಿಸಿ ತಿರುಗಿಸಿ,
ಬೆರಳಲ್ಲಿ ತಟ್ಟಿ, ಕಿವಿಗೊಟ್ಟು, ಮತ್ತೆ ತಟ್ಟಿ
ಮೂರು ಮಹಡಿ ಹತ್ತಿ ಬಂದು ಕೂರುವಷ್ಟರಲ್ಲಿ
ನನ್ನ ಏಸಿ ಅದನ್ನು ತಣ್ಣಗೆ ಮಾಡಿತ್ತು.
ನಾಲ್ಕು ಸಲ ಇಳಿದರು. ಐದನೆಯ ಸಲ ನಾನೇ ಏಸಿ ಆರಿಸಿದೆ.
ಬೆವರುತ್ತಾ ರೆಕಾರ್ಡ್ ಮಾಡಿದೆವು.
ಎರಡು ಹಾಳೆ ಪೇಪರಿನ ಉರಿ ಮಾಡಿದ್ದನ್ನೇ
ಈಗ ನಾಲ್ಕು ಡೆಸಿಬಲ್ಲಿನಲ್ಲಿ ಮಾಡಲು ನೋಡುತ್ತಿದ್ದೇನೆ.

ಬಲದ ಗುಂಡಿ.
ಇಳಿಸಬೇಕಿತ್ತು; ನಿದ್ದೆಗಣ್ಣಲ್ಲಿ ಏರಿಸಿಬಿಟ್ಟೆ.
ಪೆಟ್ಟಿನ ಹಿಂದಿನಿಂದ ಕೋಣೆ ಎದ್ದು ಬಂತು:
ಕುರ್ಚಿಯ ಕಿರುಗು, ನಾನೇ ಉಗುಳು ನುಂಗಿದ ಸದ್ದು,
ಮಾಗಡಿ ರಸ್ತೆಯ ಬಸ್ಸಿನ ಬ್ರೇಕು,
ಆಮೇಲೆ, ಎಂಟು ಆವರ್ತಕ್ಕೊಮ್ಮೆ ಬಿಟ್ಟ ಖಾಲಿಯಲ್ಲಿ,
ಬಹಳ ಸಣ್ಣಗೆ, ಅವರ ದನಿ:
"ಹ್ಞಾಂ ಮಾರ, ಹೊಡಿ."

ಆ ಖಾಲಿಯನ್ನು ತಪ್ಪು ಎಂದುಕೊಂಡಿದ್ದೆ.
ರೇವಂತ ಕೆಂಪು ಗುರುತು ಹಾಕಿದ್ದ: ಇಲ್ಲಿ ಕಾಪಿ ಪೇಸ್ಟ್.
ಜೋಡಿ ತಮಟೆಯ ಮಾರಪ್ಪನಿಗೆ ಅಂದು ರಜೆ ಸಿಗಲಿಲ್ಲ,
ಕಸದ ಆಟೋ ಡ್ಯೂಟಿ. ಬಂದ ಕೂಡಲೇ ಹೇಳಿದ್ದರು,
ನಾನು ಕೇಬಲ್ ಸುತ್ತುತ್ತಾ ಹೂಂ ಅಂದಿದ್ದೆ.
ಬಾರದವನ ಪಾಲಿನ ಪೆಟ್ಟನ್ನು
ಅಳತೆ ತಪ್ಪದೆ ತೆಗೆದಿಟ್ಟಿದ್ದಾರೆ,
ತಡವಾಗಿ ಬರುವವರಿಗೆ ತಟ್ಟೆ ಮುಚ್ಚಿಟ್ಟ ಹಾಗೆ.

ಸಾಫ್ಟ್‌ವೇರು ಏರಿದ್ದನ್ನು ಹಿಡಿಯುತ್ತದೆ, ಇಳಿದದ್ದನ್ನು ಹಿಡಿಯುತ್ತದೆ.
ಹೊಡೆಯದೆ ಬಿಟ್ಟದ್ದು ಅದರ ಲೆಕ್ಕಕ್ಕೆ ಸಿಗದು.
ಸಸ್ಟೇನನ್ನು ಸೊನ್ನೆಗೆ ತಂದೆ. ಮಾರ ಮತ್ತೆ ಮುಳುಗಿದ.
ಖಾಲಿಯನ್ನು ಮುಟ್ಟಲಿಲ್ಲ.
ರೇವಂತ ಬೈಯುತ್ತಾನೆ. ಬೈಯಲಿ,
ಹಳೇ ಬಾಕಿ ಅವನೇ ಕೊಡಬೇಕು.

ಆರೂಕಾಲು. ಬೀದಿಯಲ್ಲಿ ಕಸದ ಆಟೋದ ಹಾಡು,
ಹರಿದ ಸ್ಪೀಕರು, ಪೆಟ್ಟೆಲ್ಲ ಸವೆದ ರೆಕಾರ್ಡಿಂಗು.
ಯಾರೂ ಬರಲಿಲ್ಲವೆಂದು
ಡ್ರೈವರು ಕೈ ಹೊರಗೆ ಚಾಚಿ
ತಗಡಿನ ಬಾಗಿಲಿಗೆ ಎರಡು ಬಿಟ್ಟ:
ಒಂದು ದಪ್ಪ, ಒಂದು ತೆಳು.
ಮಾರಪ್ಪನೇ ಇರಬೇಕೆಂದೇನಿಲ್ಲ, ಊರಲ್ಲಿ ಎಷ್ಟು ಆಟೋಗಳೋ.
ಹೆಡ್‌ಫೋನ್ ಕೊರಳಿಗೆ ಇಳಿಸಿ
ಹಸಿ ಕಸ ಒಂದು ಕೈಲಿ, ಒಣ ಕಸ ಒಂದು ಕೈಲಿ,
ಮೂರು ಮಹಡಿ ಇಳಿದು ಓಡಿದೆ.